ಮಣ್ಣಿನ ಅಭ್ಯಾಸ

ಹಿಂದಿನ ಮುಂಗಾರಿನಲ್ಲಿ ಹಾವೇರಿ ಸೀಮೆಯ ನಮ್ಮ ಹೊಲಕ್ಕೆ ಹೋಗಿದ್ದೆ. ತಮ್ಮ ಗೋವಿನಜೋಳದ ಸಾಲುಗಳಿಗೆ ಕಳೆನಾಶಕ ಹೊಡೆಯುತ್ತಿದ್ದ. ನಮ್ಮವ್ವನ ಕಾಲದಲ್ಲಿ ಹೆಣ್ಣಾಳುಗಳು ಸಾಲು ಹಿಡಿದು ಕುಳಿತು ಕಳೆ ತೆಗೆಯುತ್ತಿದ್ದ ಹೊಲವದು. ಪಂಪು ಇಳಿಸಿ ಬದುವಿನ ಮೇಲೆ ಕುಳಿತವನು ಕೇಳಿದ: “ಅಣ್ಣಾ, ವರ್ಷಾ ವರ್ಷಾ ಹೊಡದ ಎಣ್ಣಿ ಎಲ್ಲಾ ಎಲ್ಲಿಗೆ ಹೋಗತೈತಿ?” ಹಳಗನ್ನಡ ಕಲಿಸುವ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಮರಳಿ ಪುಸ್ತಕಗಳನ್ನು ತಿರುವಿದಾಗ ದೊರೆತದ್ದು ಒಬ್ಬ ಸಸ್ಯಶಾಸ್ತ್ರಜ್ಞನ ಕಥೆ.

ಲೆಸ್ಲಿ ಆಡಸ್ ಎಂಬ ಆ ಆಂಗ್ಲನು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿದ್ದ. ಜೀವಸತ್ವಗಳಿಲ್ಲದೆ ಸೊರಗುತ್ತಿದ್ದ ಜೊತೆಗಾರರಿಗಾಗಿ ಜಾವಾದ ಶಿಬಿರದಲ್ಲಿ ಯೀಸ್ಟ್ ಬೆಳೆಸಿಕೊಟ್ಟ. ಕಣ್ಣಿಗೆ ಕಾಣದ ಜೀವಿಗಳ ಉಪಕಾರವನ್ನು ಅಲ್ಲಿ ಕಂಡವನು, ಯುದ್ಧ ಮುಗಿದ ಮೇಲೆ ಅವುಗಳ ಇನ್ನೊಂದು ಕೆಲಸವನ್ನು ಕಂಡ.

ಆಗ 2,4-ಡಿ ಎಂಬ ಹೊಸ ಕಳೆನಾಶಕ ಪೇಟೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಆಡಸ್ ಅದರ ದ್ರಾವಣವನ್ನು ಮಣ್ಣಿನ ಮೂಲಕ ಮತ್ತೆ ಮತ್ತೆ ಹರಿಸಿದ. ಮೊದಮೊದಲು ಅದು ಹೆಚ್ಚು ಕರಗಲಿಲ್ಲ. ಕೆಲವು ದಿನ ಕಳೆದ ಮೇಲೆ ಬೇಗಬೇಗ ಮಾಯವಾಯಿತು. ಅದೇ ಮಣ್ಣಿಗೆ ಎರಡನೆಯ ಸಲ ಹಾಕಿದರೆ ಕಾಯುವ ಪ್ರಸಂಗವೇ ಇಲ್ಲ! ಮಣ್ಣು ಪಾಠ ಕಲಿತಿತ್ತು. ಕಲಿತದ್ದು ಅದರೊಳಗಿನ ಬ್ಯಾಕ್ಟೀರಿಯಗಳು. ವಿಷವೇ ಅವಕ್ಕೆ ಆಹಾರವಾಗಿತ್ತು. 1949ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದ ಆಡಸ್, ಮರುವರ್ಷ ಅಂಥದೊಂದು ಜೀವಿಯನ್ನು ಬೇರ್ಪಡಿಸಿಯೂ ತೋರಿಸಿದ.

ಆದರೆ ಎಲ್ಲ ಪಾಠವೂ ಸುಲಭವಲ್ಲ. 2,4-ಡಿಯಲ್ಲಿ ಎರಡು ಕ್ಲೋರಿನ್ ಪರಮಾಣುಗಳಿದ್ದರೆ 2,4,5-ಟಿಯಲ್ಲಿ ಮೂರು. ಆ ಒಂದರಿಂದಲೇ ಅದು ಮಣ್ಣಿನಲ್ಲಿ ಬಹುಕಾಲ ನಿಲ್ಲುತ್ತದೆ. ಇವೆರಡನ್ನೂ ಬೆರೆಸಿದ ‘ಏಜೆಂಟ್ ಆರೆಂಜ್’ ವಿಯೆಟ್ನಾಂ ಕಾಡುಗಳ ಮೇಲೆ ಮಳೆಯಂತೆ ಸುರಿಯಿತು. ನಮ್ಮ ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಆನಂದಮೋಹನ ಚಕ್ರವರ್ತಿ ಮತ್ತು ಸಂಗಡಿಗರು ಕಸದ ರಾಶಿಗಳಿಂದ ತಂದ ಬ್ಯಾಕ್ಟೀರಿಯಗಳಿಗೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಹೆಚ್ಚು 2,4,5-ಟಿ ಉಣಿಸಿ, ಅದನ್ನೇ ತಿಂದು ಬದುಕುವ ತಳಿಯೊಂದನ್ನು 1981ರ ಹೊತ್ತಿಗೆ ಪಡೆದರು. ವಿಷ ತೀರಿದೊಡನೆ ಆ ಜೀವಿಗಳ ಸಂಖ್ಯೆಯೂ ಕುಗ್ಗಿತು. ಆದರೂ ಆ ಕಳೆನಾಶಕದೊಡನೆ ಬೆರೆತಿದ್ದ ಡಯಾಕ್ಸಿನ್ ಎಂಬ ಘೋರ ವಿಷ ವಿಯೆಟ್ನಾಂನ ಕೆಲವೆಡೆ ಇಂದಿಗೂ ಉಳಿದಿದೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. “ಹಂಗಾರ ಮಣ್ಣ ತಾನ ತೊಳಕೋತೈತಿ ಅನ್ರಿ,” ಎಂದು ನಕ್ಕ. “ತೊಳಕೋತೈತಿ, ಆದ್ರ ಅದಕ್ಕ ಕಲಿಯಾಕ ಪುರುಸೊತ್ತು ಕೊಡಬೇಕಲ್ಲೋ,” ಎಂದೆ. ಅವನು ನಗು ನಿಲ್ಲಿಸಿ, ಕೈಯೊಳಗಿನ ಹೆಂಟೆಯನ್ನು ಪುಡಿಮಾಡುತ್ತ ಬಹಳ ಹೊತ್ತು ನೋಡಿದ.