199ಕ್ಕೆ ನಿಂತ ಬೌಲರ್, ಕಥೆಯೊಳಗೆ ಬದುಕಿಬಿಟ್ಟ!

ಒಂದು ಕ್ವಿಝ್ ಪ್ರಶ್ನೆಯಿಂದಲೇ ಶುರು ಮಾಡೋಣ. ಇಂಗ್ಲೆಂಡಿನ ಒಬ್ಬ ಬೌಲರ್. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಆಡಿದ್ದು 50 ಪಂದ್ಯ. ಕಿತ್ತ ವಿಕೆಟ್ 199. ಇನ್ನೊಂದೇ ಒಂದು ಸಿಕ್ಕಿದ್ದರೆ 200! ಆ ಒಂದು ವಿಕೆಟ್ ಯಾಕೆ ಸಿಗಲಿಲ್ಲ? ಗಾಯವಾಯ್ತಾ? ಫಾರ್ಮ್ ಹೋಯ್ತಾ? ತಂಡದಿಂದ ಕೈಬಿಟ್ಟರಾ? ಮೂರೂ ಅಲ್ಲ. ಉತ್ತರ ಆಮೇಲೆ ಹೇಳ್ತೀನಿ. ಆತನ ಹೆಸರು ಮಾತ್ರ ಈಗಲೇ ಹೇಳಿಬಿಡ್ತೀನಿ. ಪರ್ಸಿ ಜೀವ್ಸ್.

ಜೀವ್ಸ್! ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನನ್ನ ವಯಸ್ಸಿನವರು, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಸೈಬರ್ ಕೆಫೆಯಲ್ಲಿ ಕೂತವರು, 'ಆಸ್ಕ್ ಜೀವ್ಸ್' ಅನ್ನೋ ಸರ್ಚ್ ಇಂಜಿನ್ ನೋಡಿರ್ತೀರಿ. ಕೋಟು ಹಾಕಿ ನಿಂತ ಒಬ್ಬ ಬಟ್ಲರ್ ಚಿತ್ರ. ನೀವು ಪ್ರಶ್ನೆ ಕೇಳಬೇಕು, ಅವನು ಉತ್ತರ ಹುಡುಕಿ ಕೊಡಬೇಕು. 2006ರಲ್ಲಿ ಆ ಕಂಪನಿ ತನ್ನ ಹೆಸರಿನಿಂದ ಜೀವ್ಸ್‌ನನ್ನು ತೆಗೆದುಹಾಕಿತು. ಆ ಬಟ್ಲರ್ ಪಿ.ಜಿ. ವುಡ್‌ಹೌಸ್ ಕಥೆಗಳಿಂದ ಎದ್ದು ಬಂದವನು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆ ಹೆಸರಿನ ಹಿಂದೆ ಒಬ್ಬ ಬೌಲರ್ ಇದ್ದಾನೆ ಅನ್ನೋದು ಇನ್ನೂ ತಡವಾಗಿ.

ವುಡ್‌ಹೌಸ್ ಹುಟ್ಟಿದ್ದು 1881ರಲ್ಲಿ. ಓದಿದ್ದು ಲಂಡನ್ನಿನ ಡಲಿಚ್ ಕಾಲೇಜಿನಲ್ಲಿ. ಹೆಸರು ಕಾಲೇಜು, ಅಸಲಿಗೆ ಅದು ಶಾಲೆ. ಅಲ್ಲಿನ ಕ್ರಿಕೆಟ್ ತಂಡದ ವೇಗದ ಬೌಲರ್ ಈತ. ಶಾಲಾ ಪತ್ರಿಕೆಗೆ ಪಂದ್ಯಗಳ ವರದಿ ಬರೆಯೋ ಹುಚ್ಚು ಬೇರೆ. ಬರವಣಿಗೆಯಿಂದ ಬಂದ ಮೊದಲ ಸಂಪಾದನೆ ಯಾವುದಕ್ಕೆ ಗೊತ್ತಾ? ಆಟದಲ್ಲಿ ನಾಯಕತ್ವ ಹೇಗಿರಬೇಕು ಅನ್ನೋ ಪ್ರಬಂಧಕ್ಕೆ! 1900ರಲ್ಲಿ ಒಂದು ಪತ್ರಿಕೆಯ ಸ್ಪರ್ಧೆಯಲ್ಲಿ ಬಂದ ಬಹುಮಾನ ಹತ್ತೂವರೆ ಶಿಲ್ಲಿಂಗ್. ಬರೆದು ಗಳಿಸಿದ ಒಂದೊಂದು ಕಾಸನ್ನೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟ ಆಸಾಮಿ ಇವನು. ಸ್ಕೋರರ್ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ!

ಆಕ್ಸ್‌ಫರ್ಡ್‌ಗೆ ಕಳಿಸಲು ಮನೆಯಲ್ಲಿ ಅನುಕೂಲ ಇರಲಿಲ್ಲ. ಲಂಡನ್ನಿನ ಬ್ಯಾಂಕೊಂದಕ್ಕೆ ಸೇರಿಸಿದರು. ಹಗಲು ಲೆಡ್ಜರ್, ರಾತ್ರಿ ಕಥೆ. ಎರಡೇ ವರ್ಷ. 1902ರಲ್ಲಿ ಬ್ಯಾಂಕಿಗೆ ಸಲಾಂ ಹೊಡೆದು ಪೆನ್ನನ್ನೇ ನಂಬಿ ಹೊರಬಂದ. ಇಂಜಿನಿಯರಿಂಗ್ ಮುಗಿಸಿ ಕ್ಯಾಮೆರಾ ಮುಂದೆ ಕೂರ್ತೀನಿ ಅಂದಾಗ ನಮ್ಮಮ್ಮ ನನ್ನನ್ನು ನೋಡಿದ ನೋಟ ನೆನಪಿದೆ. ಆ ಮನೆಯಲ್ಲೂ ಅಂಥದ್ದೊಂದು ನೋಟ ಇದ್ದಿರಲೇಬೇಕು.

ಅದೇ ವರ್ಷ ಮೊದಲ ಪುಸ್ತಕ 'ದಿ ಪಾಟ್‌ಹಂಟರ್ಸ್'. ಏನು ಕಥೆ? ಶಾಲೆಯ ಕ್ರೀಡಾ ಕಪ್‌ಗಳ ಕಳ್ಳತನ! ಮುಂದೆ 1909ರಲ್ಲಿ 'ಮೈಕ್' ಪುಸ್ತಕವಾಗಿ ಬಂತು. ಅದು ಶಾಲಾ ಕ್ರಿಕೆಟ್ ಕಥೆ. ಹೀರೋ ಒಬ್ಬ ಬ್ಯಾಟ್ಸ್‌ಮನ್. ಆದರೆ ಅರ್ಧ ಪುಸ್ತಕ ಆದ ಮೇಲೆ ಸ್ಮಿತ್ ಅನ್ನೋ ಮಾತಿನ ಮಲ್ಲ ಒಳಗೆ ಬರ್ತಾನೆ. ಬಂದವನು ಕಥೆಯನ್ನೇ ಕಬಳಿಸಿಬಿಡ್ತಾನೆ. ಮುಂದಿನ ಪುಸ್ತಕದಲ್ಲಿ ಸ್ಮಿತ್ತೇ ಹೀರೋ. ಬ್ಯಾಟ್ಸ್‌ಮನ್ ಮೈಕ್ ಪಕ್ಕಕ್ಕೆ ಸರಿದ. ಪಾಪ, ಅವನಿಗೂ ಒಂದು ಒಳ್ಳೆ ಇನಿಂಗ್ಸ್ ಕೊಟ್ಟಿದ್ದಾನೆ ವುಡ್‌ಹೌಸ್. ಬ್ಯಾಂಕ್ ಕೆಲಸ ಬಿಟ್ಟು ಎದ್ದುಹೋಗಿ ಲಾರ್ಡ್ಸ್‌ನಲ್ಲಿ ಸೆಂಚುರಿ ಹೊಡೀತಾನೆ ಮೈಕ್! ಇದು ಯಾರ ಕನಸು ಅಂತ ಬೇರೆ ಹೇಳಬೇಕಾ?

ನೋಡಿ, ಹೀಗೆ ಪಕ್ಕದ ಪಾತ್ರ ಮುಂದೆ ಬಂದು ನಿಂತರೆ ದಾರಿ ಬಿಟ್ಟುಕೊಡೋ ಗುಣ ಈ ಬರಹಗಾರನಿಗಿತ್ತು. ಮುಂದೆ ಅಮೆರಿಕಕ್ಕೆ ಹೋದ. ಅಲ್ಲಿನ ಪತ್ರಿಕೆಗಳಿಗೆ ಇಂಗ್ಲಿಷ್ ಶಾಲೆಯ ಕ್ರಿಕೆಟ್ ಕಟ್ಟಿಕೊಂಡು ಏನಾಗಬೇಕು? ಕಥೆಗಳಿಂದ ಆಟ ಹಿಂದೆ ಸರೀತು. ಆದರೆ ತಲೆಯಿಂದ ಹೋಗಲಿಲ್ಲ.

1913ರ ಆಗಸ್ಟ್. ಚೆಲ್ಟನ್‌ಹ್ಯಾಮ್. ಅಪ್ಪ ಅಮ್ಮನನ್ನು ನೋಡಲು ಹೋದ ವುಡ್‌ಹೌಸ್ ಅಲ್ಲಿ ನಡೀತಿದ್ದ ಕೌಂಟಿ ಪಂದ್ಯಕ್ಕೆ ಹೋಗಿ ಕೂತ. ಗ್ಲಾಸ್ಟರ್‌ಶೈರ್ ವಿರುದ್ಧ ವಾರ್ವಿಕ್‌ಶೈರ್. ವಾರ್ವಿಕ್‌ಶೈರ್ ಪರ ಬೌಲಿಂಗ್ ಮಾಡ್ತಿದ್ದವನು ನಮ್ಮ ಪರ್ಸಿ ಜೀವ್ಸ್. ಯಾರ್ಕ್‌ಶೈರ್ ಕಡೆಯ ಹುಡುಗ, ವಯಸ್ಸು 25. ಆ ಒಂದೇ ಸೀಸನ್ನಿನಲ್ಲಿ 106 ವಿಕೆಟ್! ವುಡ್‌ಹೌಸ್ ಕಣ್ಣಿಗೆ ಬಿದ್ದಿದ್ದು ಆತನ ಬೌಲಿಂಗ್ ಆ್ಯಕ್ಷನ್. ನೋಡಿದ, ಮೆಚ್ಚಿದ, ಎದ್ದು ಮನೆಗೆ ಹೋದ. ಇಬ್ಬರೂ ಒಂದು ಮಾತೂ ಆಡಲಿಲ್ಲ.

1914ರ ಜುಲೈನಲ್ಲಿ ಓವಲ್ ಮೈದಾನದಲ್ಲಿ 'ಜಂಟಲ್‌ಮನ್' ತಂಡದ ಎದುರು 'ಪ್ಲೇಯರ್ಸ್' ತಂಡಕ್ಕೆ ಆಡಿದ ಜೀವ್ಸ್ ಮತ್ತೆ ಮಿಂಚಿದ. ಇಂಗ್ಲೆಂಡಿನ ಮಾಜಿ ನಾಯಕ ಪೆಲಮ್ ವಾರ್ನರ್, ಈ ಹುಡುಗ ದೇಶಕ್ಕೆ ಆಡ್ತಾನೆ ಅಂದುಬಿಟ್ಟರು. ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕೆ ಇಳಿಯಿತು. ಜೀವ್ಸ್ ಸೈನ್ಯ ಸೇರಿದ. ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್. ಹುದ್ದೆ? ಸಾಮಾನ್ಯ ಸಿಪಾಯಿ.

ಈಗ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1915ರ ಸೆಪ್ಟೆಂಬರ್. ಅಮೆರಿಕದ ಪತ್ರಿಕೆಯಲ್ಲಿ ವುಡ್‌ಹೌಸ್ ಕಥೆ. ಅದರಲ್ಲಿ ಒಬ್ಬ ಸೇವಕನ ಪಾತ್ರ. ಹೆಸರು ಬೇಕಿತ್ತು, ಚೆಲ್ಟನ್‌ಹ್ಯಾಮ್ ನೆನಪಾಯ್ತು, ಜೀವ್ಸ್ ಅಂತ ಇಟ್ಟ. ಪಾತ್ರಕ್ಕೆ ಸಿಕ್ಕಿದ್ದು ಎರಡೇ ಮಾತು. 1916ರ ಫೆಬ್ರವರಿ. ಇನ್ನೊಂದು ಕಥೆ. ಇಲ್ಲಿ ಆ ಸೇವಕನಿಗೆ ಬುದ್ಧಿ ಬಂತು. ದಡ್ಡ ಯಜಮಾನ ಬರ್ಟಿಯನ್ನು ಪೇಚಿನಿಂದ ಬಿಡಿಸೋದೇ ಅವನ ಕೆಲಸವಾಯ್ತು. ಮತ್ತೆ ಪಕ್ಕದ ಪಾತ್ರ ಎದ್ದು ನಿಂತಿತ್ತು!

ಅದೇ 1916ರ ಜುಲೈ 22. ಫ್ರಾನ್ಸಿನ ಸೊಮ್ ಕದನ. ಹೈ ವುಡ್ ಎಂಬ ಕಾಡಿನ ಹತ್ತಿರ ನಡೆದ ದಾಳಿಯಲ್ಲಿ ಪರ್ಸಿ ಜೀವ್ಸ್ ಸತ್ತ. ವಯಸ್ಸು 28. ಹೆಣವೂ ಸಿಗಲಿಲ್ಲ. ಗುರುತಿಸಬಲ್ಲ ಸಮಾಧಿ ಇಲ್ಲದ 72,000ಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿರುವ ಥೀಪ್‌ವಾಲ್ ಸ್ಮಾರಕದಲ್ಲಿ ಅವನದೂ ಒಂದು ಸಾಲು. 199ಕ್ಕೆ ವಿಕೆಟ್ ನಿಂತಿದ್ದು ಅದಕ್ಕೇ.

ಕಥೆಯ ಜೀವ್ಸ್ ಮಾತ್ರ ನಿಲ್ಲಲಿಲ್ಲ. 11 ಕಾದಂಬರಿ, 35 ಸಣ್ಣಕಥೆ. ಕೊನೆಯ ಕಾದಂಬರಿ ಬಂದಿದ್ದು 1974ರಲ್ಲಿ. ವುಡ್‌ಹೌಸ್ ಏನೂ ಹುತಾತ್ಮನಿಗೆ ಗೌರವ ಅಂತ ಆ ಹೆಸರು ಇಟ್ಟಿದ್ದಲ್ಲ. ಇಟ್ಟಾಗ ಬೌಲರ್ ಬದುಕಿದ್ದ. ಕಿವಿಗೆ ಚೆನ್ನಾಗಿ ಕೇಳಿಸಿತು, ಇಟ್ಟ, ಅಷ್ಟೇ. ಆ ಕಥೆಗಳಲ್ಲಿ ಯುದ್ಧದ ಸದ್ದೇ ಇಲ್ಲ ಅನ್ನಬಹುದು. 1967ರಲ್ಲಿ, ಜೀವ್ಸ್‌ನನ್ನು ತಂಡಕ್ಕೆ ತಂದಿದ್ದ ವಾರ್ವಿಕ್‌ಶೈರ್ ಕಾರ್ಯದರ್ಶಿಯ ಮಗ ಪತ್ರ ಬರೆದು ಕೇಳಿದ, ಆ ಹೆಸರು ನಮ್ಮ ಬೌಲರ್‌ನದ್ದಾ ಅಂತ. 80 ದಾಟಿದ್ದ ಮುದುಕ ಹೌದು ಅಂದ. 54 ವರ್ಷದ ಹಿಂದಿನ ಮೈದಾನ, ಆ ಬೌಲಿಂಗ್, ಎಲ್ಲ ನೆನಪಿತ್ತು!

ಯಾರ ಆ್ಯಕ್ಷನ್ ಹೇಗಿತ್ತು, ಯಾರು ಎಷ್ಟು ವಿಕೆಟ್ ಕಿತ್ತರು, ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡವರನ್ನು ನಾವು ಕೆಲಸವಿಲ್ಲದವರು ಅಂತೀವಿ. ಇತಿಹಾಸದ ಪುಸ್ತಕಕ್ಕೆ ಸೊಮ್ ಕದನದ ಸೇನಾಪತಿ ಗೊತ್ತು, ಸಿಪಾಯಿ ಗೊತ್ತಿಲ್ಲ. ಈ ಸಿಪಾಯಿಯನ್ನು ಉಳಿಸಿಕೊಟ್ಟಿದ್ದು ಒಬ್ಬ ಕ್ರಿಕೆಟ್ ಹುಚ್ಚನ ನೆನಪು ಮತ್ತು ಸ್ಕೋರ್‌ಬುಕ್ಕಿನ ಒಂದು ಅಂಕಿ. ನಿಮ್ಮ ಮನೆಯ ಹುಡುಗ ಊಟದ ಹೊತ್ತಿಗೆ ಹಳೇ ಆಟಗಾರನ ಲೆಕ್ಕ ಒಪ್ಪಿಸೋಕೆ ಶುರು ಮಾಡಿದರೆ ಬಾಯಿ ಮುಚ್ಚಿಸಬೇಡಿ. ಅಲ್ಲಿಗೇ ಯಾಕೆ ನಿಂತ ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಹುಡುಕಿಕೊಂಡು ಬರಲಿ.