ಕಣ್ಣಿನ ಅಂಜನ: ಹೆಸರೂ ಪದಾರ್ಥವೂ

'ಅಂಜನ'ವೆಂಬ ಮಾತು ಕನ್ನಡಿಗರಿಗೆ ಹೊಸತಲ್ಲ. ಬಳಿಯುವುದು ಎಂಬ ಅರ್ಥವುಳ್ಳ 'ಅಂಜ್' ಧಾತುವಿನಿಂದ ಹುಟ್ಟಿದ ಈ ಶಬ್ದದ ಬಂಧುಗಳು ನಮ್ಮ ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ನಿತ್ಯವೂ ಬಳಕೆಯಲ್ಲಿರುವುವು. ಹಬ್ಬದ ಎಣ್ಣೆಯ ಸ್ನಾನವು 'ಅಭ್ಯಂಜನ', ಎಲೆಯ ಮೇಲೆ ಬಡಿಸುವುದೂ 'ವ್ಯಂಜನ', ವರ್ಣಮಾಲೆಯಲ್ಲಿ ಓದುವುದೂ 'ವ್ಯಂಜನ', ಲೇಪವಿಲ್ಲದವನು 'ನಿರಂಜನ'. ಆದರೆ ಹಳೆಯ ಗ್ರಂಥವೊಂದರಲ್ಲಿ ಕಣ್ಣಿಗೆ ಅಂಜನವನ್ನು ಹಚ್ಚಿದರೆಂದು ಓದಿದಾಗ ಹಚ್ಚಿದ ವಸ್ತು ಯಾವುದೆಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ. ಒಬ್ಬರು ಕಾಡಿಗೆಯೆನ್ನುವರು, ಇನ್ನೊಬ್ಬರು ಆಂಟಿಮನಿಯೆನ್ನುವರು. ಮೊದಲನೆಯದು ದೀಪದ ಮಸಿ, ಎರಡನೆಯದು ಖನಿಜ. ಇವೆರಡನ್ನೂ ಒಂದೇ ಹೆಸರಿನಿಂದ ಕರೆದು ಮುಂದೆ ಸಾಗುವುದು ನಮ್ಮಲ್ಲಿ ಮಾತ್ರ ನಡೆದ ಪ್ರಮಾದವಲ್ಲ. ಈಜಿಪ್ತಿನ ಇತಿಹಾಸದಲ್ಲಿ ಇದೇ ಬಗೆಯ ತಪ್ಪು ಬಹುಕಾಲ ನಡೆದು, ಬಳಿಕ ತಿದ್ದಲ್ಪಟ್ಟಿತು. ಅಲ್ಲಿಯ ಒಣಹವೆಯ ದೆಸೆಯಿಂದ ಹೆಸರುಗಳಷ್ಟೇ ಅಲ್ಲದೆ ಪುಡಿ ತುಂಬಿದ ಭರಣಿಗಳೂ ಉಳಿದು ಬಂದುವು. ಆದುದರಿಂದಲೇ ತಿದ್ದುಪಡಿಯು ಸಾಧ್ಯವಾಯಿತು. ಆ ವೃತ್ತಾಂತವನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ನೈಲ್ ನದಿಯ ಕಣಿವೆಯಲ್ಲಿ ಅರಸುವಂಶಗಳು ಹುಟ್ಟುವುದಕ್ಕಿಂತ ಬಹು ಹಿಂದೆಯೇ, ಕ್ರಿ. ಪೂ. ಐದನೆಯ ಸಹಸ್ರಮಾನದ ಬದಾರಿ ಸಂಸ್ಕೃತಿಯ ಗೋರಿಗಳಲ್ಲಿ, ಕಣ್ಣಿನ ಬಣ್ಣವನ್ನು ಅರೆಯುವ ಚಪ್ಪಟೆಯಾದ ಕಲ್ಲಿನ ಹಲಗೆಗಳು ದೊರೆಯುತ್ತವೆ. ಬಣ್ಣದ ಅದಿರಿನ ಹರಳುಗಳನ್ನು ಬಟ್ಟೆಯ ಇಲ್ಲವೆ ತೊಗಲಿನ ಸಣ್ಣ ಚೀಲಗಳಲ್ಲಿ ಕಟ್ಟಿ ಸತ್ತವರ ಬಳಿ ಇಡುವುದು ವಾಡಿಕೆಯಾಗಿತ್ತು. ಬಣ್ಣಗಳು ಮುಖ್ಯವಾಗಿ ಎರಡು: ಹಸುರು ಮತ್ತು ಕಪ್ಪು. ಹಸುರು ತಾಮ್ರದ ಅದಿರಾದ ಮ್ಯಾಲಕೈಟು. ಸೀನಾಯಿಯಲ್ಲಿಯೂ ಪೂರ್ವದ ಮರುಭೂಮಿಯಲ್ಲಿಯೂ ಸಿಕ್ಕುವುದು. ಅದಕ್ಕೆ 'ವಾಜು' ಎಂದೂ ಕಪ್ಪಿಗೆ 'ಮೆಸ್ದೆಮೆತ್' ಎಂದೂ ಹೆಸರು. ಪ್ರಾಚೀನ ರಾಜ್ಯದ ಕಾಲದ ಗೋರಿಗಳಲ್ಲಿ ಬರೆದಿರುವ ನೈವೇದ್ಯದ ಪಟ್ಟಿಗಳಲ್ಲಿ ರೊಟ್ಟಿ, ಎಣ್ಣೆ, ಬಟ್ಟೆಗಳ ಸಾಲಿನಲ್ಲಿಯೇ ಈ ಎರಡೂ ಜೊತೆಜೊತೆಯಾಗಿ ಬರುವುವು. ಕಾಲಕ್ರಮದಲ್ಲಿ ಹಸುರು ಹಿಂದೆ ಸರಿಯಿತು. ಕಪ್ಪು ಕ್ರೈಸ್ತಯುಗದವರೆಗೂ ಉಳಿಯಿತು.

ಅರೆಯುವ ಕಲ್ಲು ಎಷ್ಟು ಗೌರವಕ್ಕೆ ಪಾತ್ರವಾಗಿತ್ತೆಂಬುದಕ್ಕೆ ನಾರ್ಮರ್ ಅರಸನ ಹಲಗೆಗಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಸುಮಾರು ಕ್ರಿ. ಪೂ. 3100ರ ಈ ಶಿಲಾಫಲಕವನ್ನು ಕ್ವಿಬೆಲ್ ಮತ್ತು ಗ್ರೀನ್ ಎಂಬವರು 1897-98ರಲ್ಲಿ ಹೀರಾಕೊನ್ಪೊಲಿಸಿನಲ್ಲಿ ಅಗೆದು ತೆಗೆದರು. ಶತ್ರುವನ್ನು ಗದೆಯಿಂದ ಬಡಿಯುವ ಅರಸನ ಚಿತ್ರವನ್ನು ನೋಡಿ ಎಲ್ಲರೂ ಇದನ್ನು ರಾಜ್ಯಸ್ಥಾಪನೆಯ ಶಾಸನವೆಂಬಂತೆ ವರ್ಣಿಸುತ್ತಾರೆ. ಅದು ಸರಿಯೆ. ಆದರೆ ಇನ್ನೊಂದು ಮಗ್ಗುಲಲ್ಲಿ ಎರಡು ಮೃಗಗಳ ನೀಳವಾದ ಕೊರಳುಗಳು ಹೆಣೆದುಕೊಂಡು ನಡುವೆ ದುಂಡನೆಯ ಕುಳಿಯೊಂದು ಏರ್ಪಟ್ಟಿದೆ. ಅದು ಕಣ್ಣಿನ ಬಣ್ಣವನ್ನು ಅರೆಯುವ ಕುಳಿಯ ರೂಪ. ಸುಮಾರು 64 ಸೆಂಟಿಮೀಟರು ಎತ್ತರದ ಈ ಕಲ್ಲಿನ ಮೇಲೆ ನಿಜವಾಗಿ ಬಣ್ಣ ಅರೆದರೋ ಇಲ್ಲವೋ, ಅರಸುತನದ ಮಹಿಮೆಯನ್ನು ಕೆತ್ತಲು ಆರಿಸಿಕೊಂಡ ಆಕಾರವಂತೂ ಅಂಜನದ ಕಲ್ಲಿನದೇ.

ಇನ್ನು ಕಪ್ಪಿನ ವಿಷಯ. ಈಜಿಪ್ತಿನ 'ಮೆಸ್ದೆಮೆತ್' ಎಂಬುದೇ ಕಾಪ್ಟಿಕ್ ಭಾಷೆಯಲ್ಲಿ 'ಸ್ತೇಮ್' ಆಯಿತು. ಗ್ರೀಕರ ಬಾಯಲ್ಲಿ 'ಸ್ತಿಮ್ಮಿ', ರೋಮನರಲ್ಲಿ 'ಸ್ತಿಬಿಯಮ್' ಎಂದಾಯಿತು. ಈ ಸ್ತಿಬಿಯಮ್ ಎಂಬ ಹೆಸರನ್ನು ಮುಂದೆ ರಸಾಯನಶಾಸ್ತ್ರಜ್ಞರು ಆಂಟಿಮನಿಯೆಂಬ ಲೋಹಕ್ಕೆ ನಿಲ್ಲಿಸಿದರು. ಅದರ ಸಂಕೇತಾಕ್ಷರವು ಇಂದಿಗೂ ಇದರಿಂದಲೇ ಬಂದುದು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಚಿತ್ರಲಿಪಿಯಲ್ಲಿ 'ಮೆಸ್ದೆಮೆತ್' ಎಂದು ಕಂಡಲ್ಲೆಲ್ಲ ಆಂಟಿಮನಿ ಎಂದು ಅನುವಾದಿಸಿದುದು ಸಹಜವೇ. ಮಗನ ಹೆಸರನ್ನು ನೋಡಿ ತಾತನ ಮುಖಲಕ್ಷಣವನ್ನು ಬರೆದಂತೆ ಇದು ನಡೆಯಿತು!

ಈ ಅನುವಾದದಿಂದ ಆದ ಹಾನಿಗೆ ಬೆನಿಹಸನ್ನಿನ ಗೋರಿಯೊಂದು ನಿದರ್ಶನ. ಎರಡನೆಯ ಖ್ನುಮ್‌ಹೋತೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ, ಎರಡನೆಯ ಸೆನುಸ್ರೆತ್ ಅರಸನ ಆಳಿಕೆಯ 6ನೆಯ ವರ್ಷ, ಎಂದರೆ ಕ್ರಿ. ಪೂ. ಹತ್ತೊಂಬತ್ತನೆಯ ಶತಮಾನದಲ್ಲಿ, ಏಷ್ಯದ ಕಡೆಯ 37 ಮಂದಿ ಮೆಸ್ದೆಮೆತ್ ತಂದರೆಂಬ ಬರಹವೂ, ಬಣ್ಣಬಣ್ಣದ ಉಡುಪಿನ ಆ ಜನರ ಚಿತ್ರವೂ ಇರುವುವು. ಆಂಟಿಮನಿಯು ಈಜಿಪ್ತಿನ ನೆಲದಲ್ಲಿ ದೊರೆಯದು. ಮೆಸ್ದೆಮೆತ್ ಆಂಟಿಮನಿಯೇ ಆಗಿದ್ದರೆ ಇಡೀ ನಾಡಿನ ಹೆಂಗಸರೂ ಗಂಡಸರೂ ಸಾವಿರಾರು ವರ್ಷ ಕಣ್ಣಿಗೆ ಹಚ್ಚಿದ ಕಪ್ಪೆಲ್ಲವೂ ದೂರದೇಶದಿಂದ ಬರಬೇಕು. ಅದಕ್ಕೆ ತಕ್ಕ ದೊಡ್ಡದೊಂದು ವ್ಯಾಪಾರಮಾರ್ಗವನ್ನು ಇತಿಹಾಸಕಾರನು ಕಲ್ಪಿಸಿಕೊಳ್ಳಬೇಕು. ಒಂದು ಶಬ್ದದ ಅರ್ಥದ ಮೇಲೆ ಇಷ್ಟು ಭಾರವು ಬೀಳುತ್ತದೆ.

ಭರಣಿಗಳನ್ನು ತೆರೆದು ಪರೀಕ್ಷಿಸಿದವರಿಗೆ ಕಂಡುದೇ ಬೇರೆ. ಆಲ್ಫ್ರೆಡ್ ಲೂಕಸ್ (1867-1945) ಎಂಬ ರಸಾಯನಜ್ಞನು, ತುತನ್‌ಖಾಮೆನ್ನನ ಗೋರಿಯ ವಸ್ತುಗಳ ರಕ್ಷಣೆಯಲ್ಲಿ ದುಡಿದವನು, ಈಜಿಪ್ತಿನ ಪ್ರಾಚೀನ ಪದಾರ್ಥಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅದುವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿದನು. ಕಪ್ಪಿನ ಬಹುಪಾಲು ಗೆಲೀನ, ಎಂದರೆ ಸೀಸವೂ ಗಂಧಕವೂ ಕೂಡಿದ ಅದಿರು. ಆಂಟಿಮನಿಯು ತೀರ ವಿರಳ. ಗೆಲೀನವಾದರೋ ಈಜಿಪ್ತಿನಲ್ಲಿಯೇ ಉಂಟು. ಕೆಂಪು ಸಮುದ್ರದ ತೀರದ ಗೆಬೆಲ್ ಜೈತ್ ಎಂಬಲ್ಲಿ 1980ರ ದಶಕದಲ್ಲಿ ಫ್ರೆಂಚ್ ಶೋಧಕರು ಮಧ್ಯರಾಜ್ಯದಿಂದ ನವರಾಜ್ಯದವರೆಗೆ ಅಗೆಯುತ್ತಿದ್ದ ಗೆಲೀನದ ಗಣಿಗಳನ್ನೂ ಗಣಿಯವರ ಸಣ್ಣ ಗುಡಿಯನ್ನೂ ಕಂಡುಹಿಡಿದರು. ಅಲ್ಲಿ ಪೂಜೆಗೊಳ್ಳುತ್ತಿದ್ದ ಹಾಥೋರ್ ದೇವಿಗೆ 'ಮೆಸ್ದೆಮೆತ್ತಿನ ಒಡತಿ' ಎಂಬ ಬಿರುದು. ಆ ಗಣಿಯಲ್ಲಿ ತೆಗೆಯುತ್ತಿದ್ದುದು ಏನೆಂಬುದನ್ನು ನೆಲವೇ ತೋರಿಸುತ್ತಿರುವಾಗ ಮೆಸ್ದೆಮೆತ್ತಿನ ಅರ್ಥಕ್ಕೆ ಇನ್ನು ನಿಘಂಟಿನ ಸಾಕ್ಷ್ಯವು ಬೇಕಾಗದು. ಏಷ್ಯದವರು ತಂದುದು ಕಾಣಿಕೆಯೋ ವ್ಯಾಪಾರದ ಸರಕೋ, ಇರಬಹುದು. ನಾಡಿನ ಕಪ್ಪಿಗೆಲ್ಲ ಅದೇ ಮೂಲವೆನ್ನಲು ಆಧಾರವಿಲ್ಲ.

ವಿಷಯವು ಇಲ್ಲಿಗೆ ಮುಗಿಯಲಿಲ್ಲ. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ಕ್ರಿ. ಪೂ. 2000ದಿಂದ 1200ರವರೆಗಿನ ಭರಣಿಗಳಲ್ಲಿ ಪುಡಿಯು ಹಾಗೆಯೇ ಉಳಿದಿತ್ತು. ಫಿಲಿಪ್ ವಾಲ್ಟರ್ ಮತ್ತು ಅವರ ಸಂಗಡಿಗರು ಅದನ್ನು ಪರಿಶೋಧಿಸಿ 1999ರಲ್ಲಿ ಪ್ರಕಟಿಸಿದ ಫಲಿತಾಂಶವು ವಿಸ್ಮಯಕರವಾದುದು. ಪುಡಿಗಳಲ್ಲಿ ಕಪ್ಪಾದ ಗೆಲೀನವೂ ಬಿಳಿಯ ಸೀಸದ ಅದಿರಾದ ಸೆರುಸೈಟೂ ಇದ್ದುದು ನಿರೀಕ್ಷಿತವೇ. ಗೆಲೀನವನ್ನು ದಪ್ಪಗೆ ಕುಟ್ಟಿದರೆ ಕಣಗಳು ಲೋಹದಂತೆ ಮಿನುಗುವುವು, ನುಣ್ಣಗೆ ಅರೆದರೆ ಹೊಳಪು ಅಡಗಿ ಕಪ್ಪು ಗಾಢವಾಗುವುದು. ಬಿಳಿಯದನ್ನು ಬೆರಸಿದಷ್ಟೂ ಬೂದುಬಣ್ಣದ ಛಾಯೆಗಳು ದೊರೆಯುವುವು. ಹೀಗೆ ಅರೆಯುವ, ಬೆರಸುವ ಹದವೇ ಬಣ್ಣಗಾರಿಕೆಯ ಮರ್ಮವಾಗಿತ್ತು. ಆದರೆ ಇವುಗಳ ಜೊತೆಗೆ ಲಾರಿಯೊನೈಟು, ಫಾಸ್ಜೆನೈಟು ಎಂಬ ಎರಡು ಬಿಳಿಯ ಲವಣಗಳೂ ಇದ್ದುವು. ನಿಸರ್ಗದಲ್ಲಿ ಇವು ತೀರ ಅಪರೂಪ. ಇಷ್ಟು ಪ್ರಮಾಣದಲ್ಲಿ ಇರಬೇಕಾದರೆ ಮನುಷ್ಯರೇ ತಯಾರಿಸಿರಬೇಕು. ಸೀಸದ ಭಸ್ಮಕ್ಕೆ ಉಪ್ಪನ್ನೂ ನೀರನ್ನೂ ಕೂಡಿಸಿ, ದಿನದಿನವೂ ನೀರು ಬಸಿದು ಹೊಸ ನೀರು ಹಾಕುತ್ತ ವಾರಗಟ್ಟಲೆ ಕಾದರೆ ಇಂತಹ ಲವಣವು ಹುಟ್ಟುತ್ತದೆ. ಇದನ್ನು ಹೋಲುವ ವಿಧಾನಗಳು ಕ್ರಿಸ್ತಶಕ ಮೊದಲನೆಯ ಶತಮಾನದ ಪ್ಲೀನಿ ಮತ್ತು ಡಯೋಸ್ಕೊರಿಡೀಸರ ಗ್ರಂಥಗಳಲ್ಲಿ ಔಷಧದ ಪ್ರಕರಣದಲ್ಲಿ ದೊರೆಯುತ್ತವೆ.

ಬಣ್ಣಕ್ಕೆ ಬೇಕಿಲ್ಲದ ಈ ಶ್ರಮವೇಕೆ? ಬಿಳಿಯ ಪುಡಿಯಾಗಿ ಸೆರುಸೈಟು ಆಗಲೇ ಕೈಗೆಟುಕುತ್ತಿತ್ತು. ಸುಮಾರು ಕ್ರಿ. ಪೂ. 1550ರ ಏಬರ್ಸ್ ಪಪೈರಸ್ಸಿನಲ್ಲಿ ನೇತ್ರರೋಗಗಳಿಗೆ ಹೇಳಿರುವ ಯೋಗಗಳಲ್ಲಿ ಮೆಸ್ದೆಮೆತ್ ಮತ್ತೆ ಮತ್ತೆ ಬರುವುದರಿಂದ, ಅಲಂಕಾರವೂ ಚಿಕಿತ್ಸೆಯೂ ಅವರಿಗೆ ಬೇರೆಬೇರೆಯಾಗಿರಲಿಲ್ಲವೆಂದು ಊಹಿಸಬಹುದು. 2010ರಲ್ಲಿ ಪ್ರಕಟವಾದ ಇನ್ನೊಂದು ಫ್ರೆಂಚ್ ಪ್ರಯೋಗದಲ್ಲಿ ಅತ್ಯಲ್ಪ ಪ್ರಮಾಣದ ಈ ಸೀಸವು ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡಿನ ಉತ್ಪತ್ತಿಯನ್ನು ಹೆಚ್ಚಿಸಿತು. ಇದರಿಂದ ದೇಹದ ರೋಗನಿರೋಧಶಕ್ತಿಯು ಚೇತರಿಸಿರಬಹುದೆಂಬುದು ಆ ವಿದ್ವಾಂಸರ ಮತ. ಗಾಜಿನ ಪಾತ್ರೆಯಲ್ಲಿ ನಡೆದುದು ನೈಲ್ ತೀರದ ಕಣ್ಣುಗಳಲ್ಲಿಯೂ ನಡೆಯಿತೆಂದು ಹೇಳಲು ನಾನು ಹಿಂಜರಿಯುತ್ತೇನೆ. ಸೀಸವು ವಿಷವೆಂಬುದರಲ್ಲಿ ಸಂದೇಹವಿಲ್ಲ. ಸುರ್ಮಾ ಹಚ್ಚಿದ ಮಕ್ಕಳ ರಕ್ತದಲ್ಲಿ ಸೀಸವು ಹೆಚ್ಚಿದುದನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ವೈದ್ಯರು ಹಲವೆಡೆ ವರದಿಮಾಡಿದ್ದಾರೆ.

ಪ್ರಸಂಗವಶಾತ್ ಇನ್ನೊಂದು ಮಾತು. ಅರಬರು ಈ ನುಣುಪಾದ ಪುಡಿಯನ್ನು 'ಕುಹ್ಲ್' ಎಂದರು. 'ಅಲ್' ಎಂಬ ಉಪಪದದೊಡನೆ ಯೂರೋಪಿಗೆ ಹೋದ ಈ ಶಬ್ದವು ಮೊದಲು ಯಾವುದೇ ಸೂಕ್ಷ್ಮಚೂರ್ಣಕ್ಕೂ, ಆಮೇಲೆ ಯಾವುದೇ ವಸ್ತುವಿನ ಸಾರಕ್ಕೂ, ಕಡೆಗೆ ದ್ರಾಕ್ಷಾರಸದ ಸಾರಕ್ಕೂ ನಿಂತು 'ಆಲ್ಕೊಹಾಲ್' ಆಯಿತು. ಕಣ್ಣಿನ ಕಪ್ಪಿನ ಒಂದು ಹೆಸರು ಲೋಹಕ್ಕೂ ಇನ್ನೊಂದು ಮದ್ಯಸಾರಕ್ಕೂ ಸಂದುವು.

ಈಗ ನಮ್ಮ ಕಡೆಗೆ ಬರೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿತ್ಯವೂ ಹಚ್ಚತಕ್ಕುದು ಸೌವೀರಾಂಜನವೆಂದೂ, ಕಣ್ಣಿನ ನೀರನ್ನು ಸ್ರವಿಸಲು ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆ ರಸಾಂಜನವೆಂದೂ ವಿಭಾಗವಿದೆ. ರಸಾಂಜನವು ಸಾಮಾನ್ಯವಾಗಿ ಮರದರಿಸಿನದ ಕಷಾಯವನ್ನು ಬತ್ತಿಸಿದುದು, ಖನಿಜವೇ ಅಲ್ಲ. ಅಮರಸಿಂಹನು ಸ್ರೋತೋಂಜನ, ಸೌವೀರಗಳನ್ನು ಪರ್ಯಾಯಪದಗಳೆಂದು ಎಣಿಸಿದರೆ, ರಸಶಾಸ್ತ್ರದವರು ಅವನ್ನು ಬೇರೆಬೇರೆಯಾಗಿ ಹೇಳಿ ನೀಲಾಂಜನ, ಪುಷ್ಪಾಂಜನಗಳನ್ನು ಕೂಡಿಸುತ್ತಾರೆ. ಇತ್ತೀಚಿನ ಗ್ರಂಥಗಳು ಸೌವೀರವನ್ನು ಆಂಟಿಮನಿಯ ಅದಿರೆಂದೂ ನೀಲಾಂಜನವನ್ನು ಸೀಸದ ಅದಿರೆಂದೂ ಗುರುತಿಸುವುವು. (ನಮ್ಮ ಮನೆಗಳ ಆರತಿಯ ಪುಟ್ಟ ದೀಪದ 'ನೀಲಾಂಜನ'ವು 'ನೀರಾಜನ'ದ ಅಪಭ್ರಂಶ, ಅದಕ್ಕೂ ಇದಕ್ಕೂ ನಂಟಿಲ್ಲ.) ಆದರೆ ಅಂಗಡಿಯ ಸುರ್ಮಾ ಪುಡಿಗಳನ್ನು ಪರೀಕ್ಷಿಸಿದಾಗ ಬಹುಸಲ ಸಿಕ್ಕುವುದು ಗೆಲೀನವೇ. ಎರಡೂ ಅದಿರುಗಳು ಬೂದುಗಪ್ಪಾಗಿ ಹೊಳೆಯುವುವು; ಪುಡಿಯಾದ ಮೇಲೆ ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ.

ಇವೆಲ್ಲಕ್ಕಿಂತ ಬೇರೆಯಾದುದು ಕನ್ನಡನಾಡಿನ ಕಾಡಿಗೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆಯನ್ನು ಕವುಚಿ, ಕಟ್ಟಿದ ಮಸಿಯನ್ನು ಕೆರೆದು, ತುಪ್ಪದಲ್ಲಿಯೋ ಹರಳೆಣ್ಣೆಯಲ್ಲಿಯೋ ಮಿದ್ದು ನಮ್ಮ ಹೆಂಗಸರು ಡಬ್ಬಿಗೆ ತುಂಬಿಡುತ್ತಿದ್ದರು. ಮಗುವಿನ ಕೆನ್ನೆಯ ದೃಷ್ಟಿಬೊಟ್ಟೂ ಅದೇ. ಇದರಲ್ಲಿ ಗಣಿಯ ಅದಿರೆಂಬುದು ಇಲ್ಲ. ಆದುದರಿಂದ ಸಂಸ್ಕೃತ ವೈದ್ಯಗ್ರಂಥದ ಸೌವೀರಾಂಜನವನ್ನು 'ಕಾಡಿಗೆ' ಎಂದು ಕನ್ನಡಿಸುವ ಪದ್ಧತಿಯನ್ನು ಒಪ್ಪಲಾಗದು. ಅದನ್ನು ಆಂಟಿಮನಿಯೆಂದು ನಿಶ್ಚಯವಾಗಿ ಬರೆಯುವುದನ್ನೂ, ಆ ಕಾಲದ ಆ ಸ್ಥಳದ ಪುಡಿಯೊಂದು ದೊರೆತು ಪರೀಕ್ಷೆಗೆ ಒಳಪಡುವವರೆಗೆ, ಒಪ್ಪಲಾಗದು. ಹರಪ್ಪ, ಮೊಹೆಂಜೊದಾರೊಗಳಲ್ಲಿ ಅಂಜನದ ಕಡ್ಡಿಗಳೆಂದು ಎಣಿಸಲಾದ ತಾಮ್ರದ ಸಲಾಕೆಗಳು ದೊರೆತಿರುವುವು. ಇಂತಹ ಕಡ್ಡಿ ಭರಣಿಗಳು ಅಗೆತದಲ್ಲಿ ಸಿಕ್ಕಾಗ ತೊಳೆದು ಬೆಳಗುವುದಕ್ಕೆ ಮುನ್ನ ಅವುಗಳಿಗೆ ಅಂಟಿರುವ ಕಪ್ಪನ್ನು ಒಂದಿಷ್ಟು ಕೆರೆದು ಬೇರೆಯಾಗಿ ಇಡುವುದು ಅಗತ್ಯ. ಅಲ್ಲಿಯವರೆಗೆ ಅನುವಾದದಲ್ಲಿ 'ಅಂಜನ'ವನ್ನು 'ಅಂಜನ'ವೆಂದೇ ಉಳಿಸಬಹುದು.