ರಸ್ತೆಯಲ್ಲಿ ಹೋದ ಜೀವಕ್ಕೆ ಪರಿಹಾರ: ಲೆಕ್ಕ ಹೇಗೆ, ಗಡುವು ಎಷ್ಟು?

2023ರ ಸೆಪ್ಟೆಂಬರ್ 30ರ ರಾತ್ರಿ ದಕ್ಷಿಣ ಬೆಂಗಳೂರಿನ ವಸಂತಪುರ ಮುಖ್ಯರಸ್ತೆಯಲ್ಲಿ ನಡೆದು ಹೋಗುತ್ತಿದ್ದ ದಂಪತಿಗೆ ಸಿನಿಮಾ ನಟರೊಬ್ಬರ ಕಾರು ಡಿಕ್ಕಿ ಹೊಡೆಯಿತು. ಹೆಂಡತಿ ತೀರಿಕೊಂಡರು, ಗಂಡ ತೀವ್ರವಾಗಿ ಗಾಯಗೊಂಡರು. ಇಂಥ ಪ್ರಕರಣಗಳಲ್ಲಿ ಕಾರು ಯಾರದು, ಬಂಧನ ಆಯ್ತಾ, ಜಾಮೀನು ಸಿಕ್ತಾ ಅನ್ನೋದೇ ದೊಡ್ಡ ಸುದ್ದಿ. ಉಳಿದವರ ಬದುಕಿಗೆ ಕಾನೂನು ಏನು ಕೊಡುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇಲ್ಲಿ ಗಮನ ಸೆಳೆದದ್ದು ಒಂದು ಸೂತ್ರ. ಅದು ಗೊತ್ತಿದ್ದರೆ ನಿಮ್ಮನ್ನು ಯಾಮಾರಿಸೋದು ಕಷ್ಟ.

ಕೇಸು ಎರಡು, ದಾರಿ ಎರಡು

ಜಯನಗರ, ಬನಶಂಕರಿ ಅಥವಾ ಕುಮಾರಸ್ವಾಮಿ ಲೇಔಟ್ ಸಂಚಾರ ಠಾಣೆಯಲ್ಲಿ ದಾಖಲಾಗುವುದು ಕ್ರಿಮಿನಲ್ ಕೇಸು. ಅದು ಚಾಲಕನ ಶಿಕ್ಷೆಗೆ ಸಂಬಂಧಿಸಿದ್ದು. ಪರಿಹಾರದ ಅರ್ಜಿ ಬೇರೆ. ಅದನ್ನು 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬೇಕು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವುದು ಲಘು ವ್ಯವಹಾರಗಳ ನ್ಯಾಯಾಲಯ. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ, ಏಕೆಂದರೆ ಇಲ್ಲಿ ಬೇಕಾದ ಸಾಕ್ಷ್ಯದ ಮಟ್ಟ ಅಷ್ಟು ಕಠಿಣವಲ್ಲ.

ಆರು ತಿಂಗಳು ಮರೆಯಬೇಡಿ

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂಬ ನಿಯಮವೂ ಇಲ್ಲ. ಬಿಟಿಎಂ ಲೇಔಟ್‌ನಲ್ಲಿ ಮಗನನ್ನು ಕಳಕೊಂಡ ರಾಯಚೂರಿನ ತಾಯಿ ರಾಯಚೂರಿನಲ್ಲೇ ಅರ್ಜಿ ಹಾಕಬಹುದು.

ಲೆಕ್ಕ ಇಷ್ಟೇ

ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ಪ್ರಕರಣಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂತ್ರ ಇದು: ಆದಾಯಕ್ಕೆ ಭವಿಷ್ಯದ ಏರಿಕೆ ಸೇರಿಸಿ, ಮೃತರ ಸ್ವಂತ ಖರ್ಚು ಕಳೆದು, ವಯಸ್ಸಿನ ಗುಣಕದಿಂದ ಗುಣಿಸಬೇಕು.

ಒಂದು ಉದಾಹರಣೆ. 28 ವರ್ಷದ ಡೆಲಿವರಿ ಕೆಲಸಗಾರ, ತಿಂಗಳ ಆದಾಯ 25,000 ರೂಪಾಯಿ. ಮನೆಯಲ್ಲಿ ಹೆಂಡತಿ, ಮಗು, ತಾಯಿ. ಕಾಯಂ ನೌಕರಿ ಇಲ್ಲದ, 40 ತುಂಬದವರಿಗೆ ಏರಿಕೆ ಶೇ 40. ಅಲ್ಲಿಗೆ ತಿಂಗಳಿಗೆ 35,000, ವರ್ಷಕ್ಕೆ 4,20,000. ಅವಲಂಬಿತರು ಮೂವರಿದ್ದರೆ ಮೂರನೇ ಒಂದು ಭಾಗ ಕಡಿತ, ಉಳಿದದ್ದು 2,80,000. 26ರಿಂದ 30 ವಯಸ್ಸಿಗೆ ಗುಣಕ 17. ಒಟ್ಟು 47,60,000.

ಇದಲ್ಲದೆ ಸಾಂಗತ್ಯ ನಷ್ಟಕ್ಕೆ 40,000, ಆಸ್ತಿ ನಷ್ಟ ಹಾಗೂ ಅಂತ್ಯಕ್ರಿಯೆಗೆ ತಲಾ 15,000 ಎಂದು 2017ರಲ್ಲಿ ನಿಗದಿಯಾಗಿತ್ತು. ಮೂರು ವರ್ಷಕ್ಕೊಮ್ಮೆ ಇವು ಶೇ 10ರಷ್ಟು ಏರಬೇಕು. ಸಾಂಗತ್ಯ ನಷ್ಟ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಗೂ ಸಿಗುತ್ತದೆ ಎಂದು 2018ರ ನಾನೂ ರಾಮ್ ತೀರ್ಪು ಹೇಳಿದೆ.

ಈಗ ಇದೇ ಮನೆಯವರ ಬಳಿ ಆದಾಯದ ದಾಖಲೆ ಇಲ್ಲ ಅಂದುಕೊಳ್ಳಿ. ಆಗ ನ್ಯಾಯಮಂಡಳಿ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಅದು 15,000 ಆದರೆ ಮೊತ್ತ 28,56,000ಕ್ಕೆ ಇಳಿಯುತ್ತದೆ. ಒಂದು ಬ್ಯಾಂಕ್ ಸ್ಟೇಟ್‌ಮೆಂಟಿನ ಬೆಲೆ 19 ಲಕ್ಷ! ಸಂಬಳದ ಚೀಟಿ ಇಲ್ಲದವರ ಜೀವ ಅಗ್ಗವಾಗುವುದು ಹೀಗೆ. ಆದ್ದರಿಂದ ಆ್ಯಪ್‌ನಲ್ಲಿರುವ ಸಂಪಾದನೆಯ ವಿವರ, ಯುಪಿಐ ಜಮೆ ಎಲ್ಲವನ್ನೂ ಜೋಪಾನ ಮಾಡಿ. ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು, ಅದಕ್ಕೆ ಭವಿಷ್ಯದ ಏರಿಕೆಯನ್ನೂ ಸೇರಿಸಬಹುದು ಎಂಬುದು 2021ರ ಕೀರ್ತಿ ಪ್ರಕರಣದ ತೀರ್ಪು. ಅವರೇನೂ ದುಡೀತಿರ್ಲಿಲ್ಲವಲ್ಲ ಎಂದು ವಿಮೆಯವರು ವಾದಿಸಿದರೆ ಇದನ್ನು ನೆನಪಿಸಿ.

ಬೇರೆ ಬಾಗಿಲುಗಳು

ಚಾಲಕನ ತಪ್ಪು ಸಾಬೀತುಪಡಿಸುವುದು ಕಷ್ಟವಿದ್ದರೆ 164ನೇ ಸೆಕ್ಷನ್ ಇದೆ. ಅದರಲ್ಲಿ ಸಾವಿಗೆ 5 ಲಕ್ಷ, ತಪ್ಪು ತೋರಿಸಬೇಕಿಲ್ಲ. ಆದರೆ ಅದನ್ನು ಪಡೆದರೆ 166ರ ದಾರಿ ಮುಚ್ಚುತ್ತದೆ, ಅವಸರ ಬೇಡ. ಡಿಕ್ಕಿ ಹೊಡೆದ ಗಾಡಿಯ ಪತ್ತೆಯೇ ಇಲ್ಲದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ 2 ಲಕ್ಷ ಸಿಗುತ್ತದೆ.

ಸಹಿಗೆ ಮುಂಚೆ

ಎಫ್‌ಐಆರ್, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆ ವರದಿ, ದೋಷಾರೋಪ ಪಟ್ಟಿ, ಗಾಡಿಯ ವಿಮೆ ಪಾಲಿಸಿ ಇವುಗಳ ಪ್ರತಿ ತಗೊಳ್ಳಿ. ಶವಾಗಾರದ ಬಾಗಿಲಲ್ಲೇ ‘ನಾವು ನೋಡ್ಕೋತೀವಿ’ ಅಂತ ಬರುವ ದಲ್ಲಾಳಿಗೆ ಖಾಲಿ ಕಾಗದದ ಮೇಲೆ ಸಹಿ ಹಾಕಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ಹಾಗಾಗಿ ವಿಮೆಯವರು ಮೊತ್ತ ಹೇಳಿದಾಗ ಒಪ್ಪುವ ಮುಂಚೆ ಮೇಲಿನ ಲೆಕ್ಕವನ್ನು ಒಮ್ಮೆ ನೀವೇ ಹಾಕಿ ನೋಡಿ. ಅದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.